ಅಕ್ಕನಿಗೆ ಕೈಯಾರೆ ಮಾಡಿದ ಬುಟ್ಟಿ

ಶಿಕಾರಿಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷಗಳಿಂದ ಪಹಣಿ, ಆಧಾರ್, ಜಾತಕ, ಜಾತಿ ಪ್ರಮಾಣಪತ್ರ ಎಂದು ತಾಲ್ಲೂಕಿನ ಸಮಸ್ತ ಕಾಗದಗಳ ನಕಲು ತೆಗೆದಿದ್ದೇನೆ. ಇಷ್ಟು ವರ್ಷದಲ್ಲಿ ಅಸಲು ಎನ್ನುವಂಥದ್ದು ಒಂದನ್ನೂ ನಾನು ಮಾಡಿಲ್ಲ ಎಂಬ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ. ಅದನ್ನು ಗಮನಕ್ಕೆ ತಂದವಳು ನನ್ನ ಸರೋಜಕ್ಕ.

ಅಕ್ಕನನ್ನು ಸೊರಬದ ಆಚೆ ಉಳವಿಗೆ ಕೊಟ್ಟಿದೆ. ಪ್ರತಿ ದೀಪಾವಳಿಗೆ ಅವಳು ನನಗೆ ಏನಾದರೊಂದು ತಾನೇ ಮಾಡಿದ್ದನ್ನು ಕಳಿಸುತ್ತಾಳೆ. ಒಂದು ವರ್ಷ ಹಳೆ ಸೀರೆಯ ಕೌದಿ, ಇನ್ನೊಂದು ವರ್ಷ ಹಲಸಿನ ಹಪ್ಪಳ, ಮತ್ತೊಂದು ವರ್ಷ ಬಾಗಿಲಿಗೆ ಕಟ್ಟಲು ಮಣಿ ತೋರಣ. ಪ್ರತಿಯಾಗಿ ನನ್ನ ಕಡೆಯಿಂದ ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಯ ಸ್ವೀಟ್ ಬಾಕ್ಸ್. ಹೋದ ವರ್ಷ ಅದನ್ನು ಕೈಗೆ ತೆಗೆದುಕೊಂಡ ಅಕ್ಕ, "ಬೇಕರಿ ಇಲ್ಲೂ ಇದ್ಯಲ್ಲೋ ಮಾರಾಯ! ಒಂದ್ ಸಲನಾದ್ರೂ ನಿನ್ನ ಕೈಯಾರೆ ಎಂತಾದ್ರೂ ಮಾಡಿ ಕೊಟ್ಟಿದ್ರೆ ಎಷ್ಟು ಖುಷಿಯಾಗ್ತಿತ್ತು. ನಿಂದು ಎಲ್ಲಾ ಜೆರಾಕ್ಸೇ ಆಯ್ತು" ಅಂದಳು.

ನಗುತ್ತಲೇ ಹೇಳಿದ್ದು. ಆದರೆ ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಹಾಗೆ ಹೇಳಿದರೆ ಚುಚ್ಚುತ್ತದೆ. ಚುಚ್ಚಿತು. ವರ್ಷವಿಡೀ ಚುಚ್ಚಿತು.

ಈ ದೀಪಾವಳಿಗೆ ಎರಡು ವಾರ ಇರುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಧಿಕೃತ ಘೋಷಣೆ ಹೊರಡಿಸಿದೆ. "ರತ್ನಾ, ಈ ಸಲ ಬೇಕರಿ ಬಂದ್! ಎಲ್ಲರಿಗೂ ನಾನೇ ಕೈಯಾರೆ ಮಾಡಿದ ಉಡುಗೊರೆ!"

ನನ್ನ ಹೆಂಡತಿ ತಲೆ ಎತ್ತಲಿಲ್ಲ. "ನೀವು ಕೈಯಾರೆ ಮಾಡಿದ ಕೊನೇ ಕೆಲಸ ನಲ್ಲಿ ರಿಪೇರಿ ಕಣ್ರೀ. ಮೂರು ದಿನ ಪಕ್ಕದ ಮನೆಯಿಂದ ನೀರು ಹೊತ್ತಿದ್ದು ನಾನು."

ಇಂಥ ಮಾತುಗಳಿಂದ ಕಲೆಗಾರ ಎದೆಗುಂದಬಾರದು. ಏನು ಮಾಡುವುದೆಂದು ಆಗಲೇ ನಿರ್ಧರಿಸಿದ್ದೆ. ನಮ್ಮ ಕಡೆ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಬಿದಿರು ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಚಿಕ್ಕಂದಿನಲ್ಲಿ ಅಮ್ಮ ಮತ್ತು ಅಕ್ಕ ಬರೆಯುವಾಗ ಹಿಟ್ಟಿನ ಬಟ್ಟಲು ಹಿಡಿದು ಕೂರುವುದು ನನ್ನ ಕೆಲಸವಾಗಿತ್ತು. ಇಷ್ಟು ವರ್ಷ ಬಟ್ಟಲು ಹಿಡಿದವನಿಗೆ ಬರೆಯಲು ಬಾರದೆ ಇರುತ್ತದೆಯೇ? ಅಂಥ ನಾಲ್ಕು ಬುಟ್ಟಿ ಮಾಡುವುದು. ಒಂದು ಅಕ್ಕನಿಗೆ, ಒಂದು ಪಕ್ಕದ ಮನೆಯ ಬಸಮ್ಮನಿಗೆ, ಒಂದು ಅಂಗಡಿ ಎದುರಿನ ಟೈಲರ್ ನಾಗರಾಜನಿಗೆ, ಇನ್ನೊಂದು ರತ್ನಳ ತಮ್ಮನಿಗೆ. ಅಕ್ಕ ಬುಟ್ಟಿ ನೋಡಿ, "ನೀನೇ ಬರ್ದಿದ್ದೇನೋ?" ಎಂದು ಕೇಳಬೇಕು. ಅಷ್ಟು ಸಾಕು, ನನಗೆ ಬೇರೆ ಯಾವ ಪ್ರಶಸ್ತಿಯೂ ಬೇಡ.

ಸಂತೆಯಲ್ಲಿ ಬುಟ್ಟಿ ಮಾರುವ ಹೆಂಗಸು, "ಗೊಬ್ಬರಕ್ಕೋ, ರೊಟ್ಟಿ ಇಡಾಕೋ?" ಎಂದು ಕೇಳಿದಳು.

"ಚಿತ್ರ ಬರೆಯೋದಕ್ಕಮ್ಮ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಂಗಾರ ಯಾವ್ದಾದ್ರೂ ನಡೀತೈತಿ ಬಿಡ್ರಿ" ಎಂದು ಸೊಟ್ಟಗಿದ್ದ ನಾಲ್ಕು ಬುಟ್ಟಿ ಕೊಟ್ಟಳು.

ಮುಂದಿನ ಸಮಸ್ಯೆ ಸಗಣಿ. ಬಸಮ್ಮನ ಮನೆಯಲ್ಲಿ ಒಂದು ಆಕಳಿದೆ. ಕೇಳಿದರೆ ಅವರು ಬ್ಯಾಂಕಿನ ಮ್ಯಾನೇಜರರಂತೆ ಯೋಚಿಸಿದರು. "ಪಾಡ್ಯದ ಪೂಜಿಗೆ ಹಟ್ಟೆವ್ವನ ಗೊಂಬಿ ಮಾಡಾಕ ಸಗಣಿ ಬೇಕ್ರಿ. ಓಣಿಯಾಗಿನ ಆರು ಮನಿಯವ್ರು ಆಗ್ಲೇ ಹೇಳಿಟ್ಟಾರ. ಇರೋದು ಒಂದ ಆಕಳ, ಎಷ್ಟಂತ ಹಾಕೀತು? ಬೇಕಂದ್ರ ಬೆಳಿಗ್ಗೆ ಬಂದು ನೀವ ಹಿಡ್ಕೊಂಡು ಹೋಗ್ರಿ."

ಎರಡು ದಿನ ಬೆಳಿಗ್ಗೆ ಬಕೆಟ್ ಹಿಡಿದು ಆಕಳ ಹಿಂದೆ ನಿಂತೆ. ಅದು ಆಗಾಗ ತಿರುಗಿ ನನ್ನನ್ನು ನೋಡುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ. ರಸ್ತೆಯಲ್ಲಿ ಹೋಗುತ್ತಿದ್ದ ನನ್ನ ಗಿರಾಕಿಯೊಬ್ಬರು ಸ್ಕೂಟರ್ ನಿಲ್ಲಿಸಿ, "ಅಂಗಡಿ ಮುಚ್ಚಿಬಿಟ್ರೇನ್ರೀ?" ಎಂದು ಬಹಳ ಕಳಕಳಿಯಿಂದ ವಿಚಾರಿಸಿದರು.

ಅಂತೂ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸಿದೆ. ಇನ್ನು ಅಕ್ಕಿ ಹಿಟ್ಟು ಅರೆಯಬೇಕು. ರತ್ನ ಮನೆಯಲ್ಲಿರಲಿಲ್ಲ. ಫ್ರಿಜ್ ತೆಗೆದರೆ ಒಂದು ದೊಡ್ಡ ಡಬ್ಬಿಯ ತುಂಬ ರುಬ್ಬಿದ ಹಿಟ್ಟು! ಬೆಳ್ಳಗಿದೆ, ನುಣ್ಣಗಿದೆ, ಅದೂ ಅಕ್ಕಿಯದೇ. ಇಷ್ಟು ಅನುಕೂಲವಾಗಿ ಸಿಕ್ಕಿದ್ದು ನನ್ನ ಸಂಕಲ್ಪಬಲದಿಂದ ಎಂದುಕೊಂಡು ಕಡ್ಡಿಗೆ ಹತ್ತಿ ಸುತ್ತಿ ಬರೆಯತೊಡಗಿದೆ. ಎತ್ತು, ನವಿಲು, ಪಲ್ಲಕ್ಕಿ, ಭತ್ತದ ತೆನೆ. ನಾಲ್ಕೂ ಬುಟ್ಟಿ ಮುಗಿಸಿ ತಾರಸಿಯ ಬಿಸಿಲಿಗಿಟ್ಟು ಹೆಮ್ಮೆಯಿಂದ ಅಂಗಡಿಗೆ ಹೋದೆ.

ಮಧ್ಯಾಹ್ನ ರತ್ನಳ ಫೋನ್ ಬಂತು. ಹಲೋ ಕೂಡ ಇಲ್ಲ. "ಎರಡು ದಿನದ ದೋಸೆ ಹಿಟ್ಟು ಎಲ್ರೀ?"

ಓಡಿ ಬಂದು ತಾರಸಿ ಹತ್ತಿದೆ. ದೋಸೆ ಹಿಟ್ಟು ತನ್ನ ಸ್ವಭಾವ ಬಿಟ್ಟಿರಲಿಲ್ಲ, ಬಿಸಿಲಿಗೆ ಉಬ್ಬಿತ್ತು. ನನ್ನ ಎತ್ತಿಗೆ ಹೊಟ್ಟೆ ಬಂದಿತ್ತು, ನವಿಲು ಬಸುರಿಯಾಗಿತ್ತು, ಪಲ್ಲಕ್ಕಿ ಒಡೆದು ಹೋಗಿತ್ತು. ಓಣಿಯ ಕಾಗೆಗಳೆಲ್ಲ ನೆರೆದು ಚಿತ್ತಾರವನ್ನು ಕುಕ್ಕಿ ಕುಕ್ಕಿ ತಿನ್ನುತ್ತಿದ್ದವು. ನಮ್ಮಪ್ಪನ ತಿಥಿಗೆ ಎಷ್ಟು ಕೂಗಿದರೂ ಒಂದು ಕಾಗೆ ಬಂದಿರಲಿಲ್ಲ!

"ಇದು ನವಿಲಾ?" ರತ್ನ ಉಳಿದ ಚೂರನ್ನು ನೋಡಿ ಕೇಳಿದಳು. "ನಾನು ಟೀ ಕೆಟಲ್ ಅಂದ್ಕೊಂಡೆ. ಕೊಡಿ ಇಲ್ಲಿ, ನಾನು ಬರೀತೀನಿ."

"ಬೇಡ! ನನ್ನ ಕೈಯಾರೆ ಆಗಬೇಕು!"

ಮತ್ತೆ ಸಗಣಿ, ಮತ್ತೆ ಆಕಳ ಹಿಂದೆ ನಾನು, ಮತ್ತೆ ಕೆಮ್ಮಣ್ಣು. ಈ ಸಲ ಅಕ್ಕಿ ನೆನೆಸಿ, ಅರೆದು, ಬೆನ್ನು ನೋವು ಬರುವವರೆಗೆ ಕೂತು ಬರೆದೆ. ರತ್ನ ಚಕ್ಕುಲಿ ಮಾಡಿದ್ದಳು. "ಖಾಲಿ ಬುಟ್ಟಿ ಕೊಡಬಾರದು ಕಣ್ರೀ, ಅಪಶಕುನ" ಎಂದು ಒಳಗೆ ಬಾಳೆಲೆ ಹಾಸಿ, ಚಕ್ಕುಲಿ ತುಂಬಿದಳು. ನಾನೂ ಒಪ್ಪಿದೆ. ನನ್ನ ಸರ್ವನಾಶಕ್ಕೆ ನಾನೇ ಸಹಿ ಹಾಕಿದ್ದು ಆ ಗಳಿಗೆಯಲ್ಲಿ.

ಉಳಿದ ಮೂರನ್ನು ಹಂಚಿ, ಅಕ್ಕನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೊರಬದವರೆಗೆ ಒಂದು ಬಸ್ಸು, ಅಲ್ಲಿಂದ ಉಳವಿಗೆ ಇನ್ನೊಂದು. ಪಕ್ಕದಲ್ಲಿ ಕೂತ ಅಜ್ಜ ದಾರಿಯುದ್ದಕ್ಕೂ "ಕೋಳಿ ಇದೆಯಾ ಒಳಗೆ?" ಎಂದು ಕೇಳುತ್ತಿದ್ದರು. ನನ್ನ ಪ್ಯಾಂಟಿಗೆ ಕೆಮ್ಮಣ್ಣು ಹತ್ತಿತು. ಇರಲಿ, ಅಕ್ಕನಿಗಾಗಿ ತಾನೇ!

ಇಲ್ಲಿ ನನ್ನ ಅಹಂಕಾರದ ಬಗ್ಗೆ ಒಂದು ಮಾತು ಹೇಳಬೇಕು. ಬುಟ್ಟಿ ಬರೆದದ್ದು ನಾನೇ ಎಂದು ಬಾಯಿಬಿಟ್ಟು ಹೇಳಬಾರದು, ಅವಳೇ ನೋಡಿ ಕೇಳಬೇಕು ಎಂದು ನಿಶ್ಚಯಿಸಿದ್ದೆ. ಬಾಗಿಲಲ್ಲಿ ಚಿತ್ತಾರದ ಭಾಗ ಅವಳ ಕಡೆಗೆ ತಿರುಗಿಸಿ ಹಿಡಿದು, ಫೋಟೋಕ್ಕೆ ನಿಂತವನಂತೆ ನಿಂತೆ.

"ಬಂದ್ಯನಾ? ಎಂತಕ್ಕೆ ಹಂಗೆ ನಿಂತಿದ್ದೆ, ಸೊಂಟ ಹಿಡ್ಕಂಡಿದ್ಯಾ?" ಎಂದು ಅಕ್ಕ ಬುಟ್ಟಿ ಇಸಿದುಕೊಂಡು ಸೀದಾ ಅಡುಗೆಮನೆಗೆ ನಡೆದಳು. ಒಳಗಿನಿಂದ ಕರುಮ್ ಎಂಬ ಸದ್ದು ಕೇಳಿತು. "ಚಕ್ಕುಲಿ ರತ್ನ ಮಾಡಿದ್ದಾ? ಬಾರೀ ಚಲೋ ಆಗಿದೆ!"

ಊಟ ಹಾಕಿದಳು, ಎರಡು ಸಲ ಬಡಿಸಿದಳು, ನನ್ನ ಸಕ್ಕರೆ ಕಾಯಿಲೆ ವಿಚಾರಿಸಿದಳು. ಬುಟ್ಟಿಯ ಸುದ್ದಿ ಇಲ್ಲ. "ಅಕ್ಕಾ, ಬುಟ್ಟಿ..." ಎಂದೆ. "ಅದೆಲ್ಲಿಗೆ ಹೋಗ್ತದೆ ಮಾರಾಯ, ಕಳಿಸ್ತೇನೆ" ಅಂದಳು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಹಬ್ಬದ ಗಡಿಬಿಡಿ, ಆಮೇಲೆ ನಿಧಾನವಾಗಿ ನೋಡುತ್ತಾಳೆ ಎಂದು ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದೆ. ಅವಳ ಕೊನೆಯ ಮಾತಿನ ಅರ್ಥ ನನ್ನ ತಲೆಗೆ ಹೋಗಲಿಲ್ಲ.

ಹಬ್ಬ ಮುಗಿದ ಮರುದಿನ ಬಸಮ್ಮ ಬಂದರು. ಕೈಯಲ್ಲಿ ನನ್ನ ಬುಟ್ಟಿ, ಬುಟ್ಟಿಯ ತುಂಬ ಸೌತೆಕಾಯಿ. "ತಗೋರಿ ನಿಮ್ಮ ಬುಟ್ಟಿ. ಖಾಲಿ ಕೊಡಬಾರ್ದಲ್ರಿ. ಚಕ್ಕುಲಿ ಭಾಳ ಚಲೋ ಇದ್ವು ಅಂತ ಹೇಳ್ರಿ ಮನಿಯವ್ರಿಗೆ."

"ಬಸಮ್ಮನವರೇ, ಬುಟ್ಟಿಯೇ ಉಡುಗೊರೆ!"

"ಏ, ಹೋಗ್ರಿ! ಮಂದಿ ಬುಟ್ಟಿ ಇಟ್ಕೊಳ್ಳಾಕ ನಾವೇನು ಅಂಥವ್ರಾ?"

ಸಂಜೆ ನಾಗರಾಜ ಬುಟ್ಟಿಯ ತುಂಬ ಕಡಲೆಕಾಯಿ ತಂದ. ರತ್ನಳ ತಮ್ಮನಿಂದ ಬಾಳೆಹಣ್ಣು ಬಂತು. ಮರ್ಯಾದಸ್ಥರ ಊರಲ್ಲಿ ಕಲಾವಿದ ಬದುಕುವುದು ಹೇಗೆ? ಪಾತ್ರೆ ತುಂಬಿ ಬಂದರೆ ತುಂಬಿಯೇ ವಾಪಸ್ ಕಳಿಸಬೇಕು ಎಂದು ಇಡೀ ಊರಿಗೆ ಗೊತ್ತು. ನನಗೂ ಗೊತ್ತು. ಬುಟ್ಟಿ ಬರೆಯುವಾಗ ಮಾತ್ರ ಗೊತ್ತಿರಲಿಲ್ಲ!

ಅಕ್ಕನ ಬುಟ್ಟಿ ಬರಲಿಲ್ಲ. ಒಂದು ದಿನ ಹೋಯಿತು, ನಾಲ್ಕು ದಿನ ಹೋಯಿತು. ನನ್ನ ಎದೆ ಉಬ್ಬತೊಡಗಿತು. "ನೋಡು ರತ್ನಾ, ನೋಡುವ ಕಣ್ಣಿರುವವಳು ಅಕ್ಕ ಒಬ್ಬಳೇ. ಇಟ್ಟುಕೊಂಡಿದ್ದಾಳೆ! ದೇವರ ಕೋಣೆಯಲ್ಲೇ ಇಟ್ಟಿರಬೇಕು!"

ಎಂಟನೆಯ ದಿನ ಯಾವುದೋ ಕೆಲಸಕ್ಕೆ ಶಿಕಾರಿಪುರಕ್ಕೆ ಬಂದ ಭಾವ ಅಂಗಡಿಯ ಮೇಜಿನ ಮೇಲೆ ಒಂದು ಬುಟ್ಟಿ ಇಟ್ಟು ಹೋದರು. ತುಂಬ ಎಳ್ಳುಂಡೆ. ಬುಟ್ಟಿಯ ಮೇಲೆ ಸಗಣಿ ಇಲ್ಲ, ಕೆಮ್ಮಣ್ಣಿಲ್ಲ, ಎತ್ತಿಲ್ಲ, ನವಿಲಿಲ್ಲ. ಬರೀ ಬಿದಿರು, ಫಳಫಳ ಹೊಳೆಯುತ್ತಿತ್ತು. ಯಾರದೋ ಬುಟ್ಟಿ ಎಂದುಕೊಳ್ಳಲು ನೋಡಿದೆ, ಆದರೆ ಆ ಸೊಟ್ಟ ನನಗೆ ಚೆನ್ನಾಗಿ ಗೊತ್ತು.

ಆಗಲೇ ಅಕ್ಕನ ಫೋನ್ ಬಂತು. "ಬುಟ್ಟಿ ಸಿಕ್ತಾ? ತಡ ಆಯ್ತು, ಬೇಜಾರ್ ಮಾಡ್ಕಬೇಡ. ಅದರ ಮೇಲೆ ಯಾರೋ ಮಕ್ಕಳು ಎಂತೆಂತದೋ ಗೀಚಿದ್ರು ಕಣೋ. ಹಂಗೇ ಕಳ್ಸಿದ್ರೆ ರತ್ನ ಎಂತ ಅಂದ್ಕಳ್ತಾಳೆ? ನೆನೆಹಾಕಿ, ತೆಂಗಿನ ನಾರಲ್ಲಿ ಎರಡು ಗಂಟೆ ಉಜ್ಜಿದೆ. ಕೈಯೆಲ್ಲಾ ನೋವು. ಈಗ ನೋಡು, ಹೊಸದರ ಹಂಗೆ ಇಲ್ವಾ?"

ಅರವತ್ತೆಂಟರ ಹೆಂಗಸು ಕೂತು ಎರಡು ಗಂಟೆ ಉಜ್ಜಿದ್ದಾಳೆ. ಬುಟ್ಟಿಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ ನೋಡಿದೆ.

"ಹೊಸದರ ಹಾಗೇ ಇದೆ ಅಕ್ಕ" ಎಂದೆ.

"ಹೂಂ. ಮತ್ತೆ, ಬರೋ ವರ್ಷನಾದ್ರೂ ರತ್ನನ ಚಕ್ಕುಲಿ ತಂದು ತಪ್ಪಿಸ್ಕಬೇಡ. ನಿನ್ನ ಕೈಯಾರೆ ಎಂತಾದ್ರೂ ಮಾಡ್ಕಂಡು ಬಾ!"

ಆ ಬುಟ್ಟಿ ಈಗ ಅಂಗಡಿಯಲ್ಲಿ ಮಷೀನಿನ ಪಕ್ಕದಲ್ಲಿದೆ. ಕೆಟ್ಟು ಬಂದ ಜೆರಾಕ್ಸ್ ಹಾಳೆಗಳನ್ನು ಅದರೊಳಗೆ ಹಾಕುತ್ತೇನೆ. ಮೊನ್ನೆ ಗಿರಾಕಿಯೊಬ್ಬರು, "ಬುಟ್ಟಿ ಎಷ್ಟು ಚೊಕ್ಕಟ ಐತ್ರಿ, ಯಾರು ಮಾಡಿದ್ದು?" ಎಂದು ಕೇಳಿದರು.

"ನಮ್ಮಕ್ಕ" ಎಂದೆ.