ಮುಳ್ಳು ಏಳದ ಕಾರು, ನೆಲೆ ನಿಲ್ಲದ ಮಾವ

ಕರಡಿ ಎದುರಾದರೂ ಬೀಡಿ ಆರಿಸದ ನನ್ನ ಸೋದರಮಾವ ಈ ಲೋಕದಲ್ಲಿ ಹೆದರುವುದು ಒಂದಕ್ಕೇ: ತಮ್ಮದೇ ಕಾರಿಗೆ! ವಾರವಾರ ಅತ್ತೆಯನ್ನು ರಾಂಪುರದಿಂದ ಬಳ್ಳಾರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವ ಕಾರು ಅದು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಲಗಿದ್ದೇ ತಡ, ಮಾವನ ಅರ್ಧ ಜೀವ ಹಾರಿಹೋಯಿತು. ನಡುದಾರಿಯಲ್ಲಿ ಎಂಜಿನ್ ತಣಿಸುವ ಕೂಲೆಂಟ್ ನೀರು ಕುದ್ದು ಕಾರು ನಿಂತರೆ ಅತ್ತೆಯ ಗತಿ? ಹಾಗಾಗಿ ಊರೂರಿಗೂ ನಿಲ್ಲಿಸಿ ಬಾನೆಟ್ ಮುಟ್ಟಿ ನೋಡುವುದು. ನಮ್ಮ ಕಡೆಯ ಬಿಸಿಲಿಗೆ ತಗಡು ಸುಡದೆ ಇರುತ್ತದೆಯೇ?

"ಅಮ್ಮೋ, ಕಾದೈತೆ!"

"ಕಾರಿನ ಜ್ವರ ನೋಡಿದ್ದು ಸಾಕು, ನಡೀರಿ! ತಡ ಆದ್ರೆ ಅಲ್ಲಿ ಮಿಷನ್ನು ಬೇರೆಯೋರಿಗೆ ಕೊಡ್ತಾರೆ," ಎನ್ನುತ್ತಿದ್ದರು ಅತ್ತೆ.

ಕೊನೆಗೆ, ಮುಳ್ಳಿಗೆ ಬಿಸಿ ತಿಳಿಸುವ ಸೆನ್ಸರ್ ಹೊಸದು ತರಲು ಬಸ್ಸು ಹತ್ತಿ ಚಳ್ಳಕೆರೆಗೆ ಹೊರಟೆವು. ಚೌಕಾಸಿಗೆ ನಾನಲ್ಲದೆ ಇನ್ಯಾರು? ನಿಮಗೂ ಹೇಳಿಬಿಡುತ್ತೇನೆ ಕೇಳಿ: ಕಾರಿನ ಹೆಸರು ಹೇಳಿದರೆ ಸಾಲದು, ಹಳೆಯದನ್ನು ಬಿಚ್ಚಿ ಒಯ್ದು ತಿರುಪಿನ ಥ್ರೆಡ್ಡು, ವೈರು ಸಿಗಿಸುವ ಪಿನ್ನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಸೆನ್ಸರ್ ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ.

ಬಿಡಿಭಾಗದ ಅಂಗಡಿಯಲ್ಲಿ ಎಲ್ಲ ಹೊಂದಿತು. ಮಾವನಿಗೆ ನಂಬಿಕೆ ಬೇಡವೇ? "ಕುದಿಸಿ ತೋರ್ಸಪ್ಪ!" ಎಂದು ಹಟ ಹಿಡಿದರು. ಪಕ್ಕದ ಟೀ ಅಂಗಡಿಯಿಂದ ಲೋಟದಲ್ಲಿ ಬಿಸಿನೀರು ಬಂತು. ಅಂಗಡಿಯವನು ಸೆನ್ಸರ್ ಅದ್ದಿ ಮೀಟರ್ ಹಿಡಿದ. ಅಂಕಿ ಸರಸರ ಇಳಿಯಿತು.

"ಲೇ, ಇಳೀತೈತಲ್ಲೋ! ಕೆಟ್ಟೈತೆ!"

"ಅದ್ರ ಗುಣಾನೇ ಅದು ಯಜಮಾನ್ರೇ. ಬಿಸಿ ಆದಂಗೆಲ್ಲ ಕರೆಂಟು ತಡೆಯೋ ರೆಸಿಸ್ಟೆನ್ಸ್ ಇಳೀಬೇಕು."

"ಬಿಸಿ ಆದಂಗೆ ಇಳಿಯೋ ಜೀವ ನಮ್ಮನೇಲಿ ಒಂದೂ ಇಲ್ಲಪ್ಪ!"

ಮನೆಗೆ ಬಂದು, ಕೂಲೆಂಟ್ ಸೋರಿಬಿಟ್ಟೀತೆಂಬ ಭಯಕ್ಕೆ ನನ್ನನ್ನು ಕೇಳದೆ ಥ್ರೆಡ್ಡಿಗೆ ನಲ್ಲಿಯ ಬಿಳಿ ಟೇಪನ್ನು ಸುತ್ತಿದರು, ಸುತ್ತಿದರು, ಮದುಮಗನಿಗೆ ಪೇಟ ಸುತ್ತಿದಂತೆ! ಸೆನ್ಸರ್ ತಿರುಗಿಸಿ ಕೂರಿಸಿ, ಕಾರು ಚಾಲೂ ಮಾಡಿದರೆ, ಎಂಜಿನ್ ಕಾದರೂ ಮುಳ್ಳು ಅಲುಗಲಿಲ್ಲ. "ಇದೂ ಸತ್ತೈತೆ ಲೇ..." ಎಂದು ಮೆಟ್ಟಿಲ ಮೇಲೆ ಕುಸಿದರು. ಬೆಳಗಾದರೆ ಡಯಾಲಿಸಿಸ್. ನಾನು ಬಾನೆಟ್ ಎತ್ತಿ ಬಗ್ಗಿ ನೋಡಿದೆ: ಸೆನ್ಸರಿನ ಬುಡದಲ್ಲಿ ಬಿಳಿ ಟೇಪು ಇಣುಕುತ್ತಿತ್ತು.

"ಒಂದೇ ವೈರಿನ ಸೆನ್ಸರ್ ಮಾವ, ಮೈಯೇ ಅದಕ್ಕೆ ಅರ್ತಿಂಗು, ಎಂಜಿನ್ನಿಗೆ ತಾಗಿದ್ರೇನೇ ಕರೆಂಟು ಹರಿಯೋದು. ನೀವು ಟೇಪಿನ ಕಂಬಳಿ ಹೊದಿಸಿದೀರಿ!"

ಎಂಜಿನ್ ತಣ್ಣಗಾಗುವವರೆಗೆ ಕಾದೆ. ಬಿಸಿಯಲ್ಲಿ ಬಿಚ್ಚಿದರೆ ಮುಖ ಬೆಂದೀತು. ಟೇಪ್ ಕಿತ್ತು, ಹೊಸ ತಾಮ್ರದ ವಾಷರ್ ಹಾಕಿ ಬಿಗಿದು, ಕೂಲೆಂಟ್ ತುಂಬಿಸಿದೆ. ಮತ್ತೆ ಕಾರು ಚಾಲೂ ಮಾಡಿದರೆ ಮುಳ್ಳು ಮೆಲ್ಲಗೆ ಎದ್ದು ನಡುವೆ ನಿಂತಿತು. ಮಾವ ಅದನ್ನು ದೇವರನ್ನು ನೋಡುವಂತೆ ನೋಡಿದರು.

ಬೆಳಿಗ್ಗೆ ಕೀಲಿಕೈ ನನ್ನ ಕೈಗಿಟ್ಟರು. "ಮುಳ್ಳು ನೀ ನೋಡ್ಕೊಲೇ," ಎಂದವರೇ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತರು. ಸ್ವಲ್ಪ ದೂರ ಹೋಗಿ ಕನ್ನಡಿ ನೋಡಿದೆ. ಅತ್ತೆ ಅವರ ಹೆಗಲಿಗೊರಗಿ ನಿದ್ದೆ ಹೋಗಿದ್ದರು. ಕಿಟಕಿಯ ಬಿಸಿಲು ಅವರ ಮುಖಕ್ಕೆ ಬೀಳದಂತೆ ಮಾವ ಟವೆಲ್ ಅಡ್ಡ ಹಿಡಿದಿದ್ದರು. ಬಳ್ಳಾರಿ ಬರುವತನಕ ಆ ಕೈ ಇಳಿಯಲಿಲ್ಲ.