ಫೊಯರ್‌ಬಾಕಿನ ದಾಖಲೆ ಓಟಗಾರ

ಮಾನ ಹೋಗುವ ಸಂದರ್ಭಗಳಿಗೆ ನನ್ನ ಮನೆ ವಿಳಾಸ ಬಾಯಿಪಾಠ. ಗದಗಿನಲ್ಲಿದ್ದಾಗಲೂ ಬರುತ್ತಿದ್ದವು, ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಹಿಡಿದು ಜರ್ಮನಿಗೆ ಬಂದರೆ ನನಗಿಂತ ಮೊದಲೇ ಬಂದು ಕೂತಿದ್ದವು.

ಬುತ್ತಿಯ ಪುಣ್ಯ

ಫೊಯರ್‌ಬಾಕಿನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು ಸಂಜೆ ಹೊತ್ತು ಒಂದು ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನ ಕೋಚ್. ಒಂದು ಬೆಳಿಗ್ಗೆ ನಾನು ಬುತ್ತಿ ಡಬ್ಬಿಯನ್ನು ಎದೆಗವಚಿಕೊಂಡು, ಜನರ ನಡುವೆ ನುಸುಳಿ, ಹೊರಟಿದ್ದ ಎಸ್-ಬಾನ್ ರೈಲು ಹಿಡಿದದ್ದನ್ನು ನೋಡಿದ. "ನಮ್ಮ ರಿಟರ್ನರ್ ನೀನೇ" ಅಂದ. ಎದುರಿನವರು ಒದ್ದ ಚೆಂಡನ್ನು ಹಿಡಿದು, ಅವರ ಕೈಗೆ ಸಿಗದೆ ಅವರ ಕೊನೆಯ ಗೆರೆಯತ್ತ ಓಡುವುದು ರಿಟರ್ನರನ ಕೆಲಸ.

ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುವ ಮಗಳು ಹಿಗ್ಗಿದಳು. ಶಾಲೆಯ ಹತ್ತಿರ ಬರಬೇಡ ಅನ್ನುತ್ತಿದ್ದವಳು ಗೆಳತಿಯರಿಗೆಲ್ಲ ಅಪ್ಪ ಆಟಗಾರ ಅಂತ ಸಾರಿ ಬಂದಳು. ಅವಳ ಮುಂದೆ ಒಮ್ಮೆಯಾದರೂ ತಲೆ ಎತ್ತಿ ನಿಲ್ಲಬೇಕು ಅನ್ನುವ ಆಸೆ ನನಗೂ ಹತ್ತಿತು.

ಹೆಂಡತಿ ಮಾತ್ರ, "ದಿನಾ ಹೊತ್ತಿಗೆ ಎದ್ದಿದ್ರ ಈ ಪದವಿ ಎಲ್ಲೆ ಸಿಗ್ತಿತ್ತರೀ" ಅಂದಳು.

ದಾಟಿದ ಪಾಪ

ಮೊದಲ ಅಭ್ಯಾಸದಲ್ಲಿ ಚೆನ್ನಾಗಿಯೇ ಓಡಿದೆ. ನನ್ನನ್ನು ಹಿಡಿಯಲು ಬಂದ ದೈತ್ಯನೊಬ್ಬ ಜಾರಿ ಅಂಗಾತ ಬಿದ್ದ. ಅವನ ಮೇಲಿಂದ ಹಾರಿದೆ. ಹಾರಿದ ಮೇಲೆ ಅವ್ವನ ಮಾತು ನೆನಪಾಯಿತು: ಮಲಗಿದವರನ್ನು ದಾಟಬಾರದು, ದಾಟಿದರೆ ಅವರು ಬೆಳೆಯುವುದಿಲ್ಲ, ಮತ್ತೆ ಹಿಂದಕ್ಕೆ ದಾಟಬೇಕು. ಕಾಲು ತಲೆಯನ್ನು ಕೇಳಲಿಲ್ಲ. ಹಿಂದಕ್ಕೆ ಹಾರಿದೆ. ಉಳಿದವರೆಲ್ಲ ನನ್ನ ಮೇಲೆ ಬಿದ್ದರು.

ಕೋಚ್ ಕಾರಣ ಕೇಳಿದ. ನಾಚಿಕೆಯಿಂದಲೇ ವಿವರಿಸಿದೆ. ಬಾಗಿಲಲ್ಲಿ ಬಗ್ಗಿಯೇ ನಡೆಯುವ ಆ ದೈತ್ಯನನ್ನು ಒಮ್ಮೆ ನೋಡಿ, "ಇವನು ಇನ್ನೆಷ್ಟು ಬೆಳೆಯಬೇಕು?" ಅಂದ.

ಭಾನುವಾರದ ಪಂದ್ಯ

ಮಗಳು ಗೆಳತಿಯರ ದಂಡು ಕಟ್ಟಿಕೊಂಡು ಬಂದಿದ್ದಳು. ನಾವೆಲ್ಲ ಮುಖ ಮುಚ್ಚುವ ಹೆಲ್ಮೆಟ್ ತೊಟ್ಟು ಮೈದಾನಕ್ಕಿಳಿದೆವು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು, ನಾವು ಒಂದೇ ಅಂಕದಿಂದ ಮುಂದೆ. ಚೆಂಡು ಬಂತು, ಹಿಡಿದೆ, ಓಡಿದೆ. ನಡುಗೆರೆ ದಾಟಿದೆ. ಮುಂದೆ ನನ್ನನ್ನು ಹಿಡಿಯಲು ಕೈ ಚಾಚಿ ನಿಂತ ಸಾಲು, ಒಳಗೆ ನಾನೊಬ್ಬನೇ. ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ ಮೈ ನನ್ನದು. ಒಬ್ಬನ ಭುಜ ಮುಟ್ಟಿದೆ, ಗಕ್ಕನೆ ತಿರುಗಿ ನಮ್ಮ ಅಂಕಣದತ್ತ ಓಟ ಕಿತ್ತೆ.

ಬಾಯಲ್ಲಿ "ಕಬಡ್ಡಿ, ಕಬಡ್ಡಿ" ನಡೆದೇ ಇತ್ತು. ನಮ್ಮವರೇ ಕೂಗುತ್ತ ಬೆನ್ನು ಹತ್ತಿದರು, ಹುರಿದುಂಬಿಸುತ್ತಿದ್ದಾರೆ ಅಂದುಕೊಂಡೆ. ಎದುರಿನವರು ಪಾಪ, ದಾರಿ ಬಿಟ್ಟು ಕೊಟ್ಟರು. ನಮ್ಮ ಕೊನೆಯ ಗೆರೆಯನ್ನೂ ದಾಟಿ, ಜೀವ ಉಳಿಯಿತೆಂದು ಮಂಡಿಯೂರಿ ನೆಲಕ್ಕೆ ನಮಸ್ಕಾರ ಮಾಡಿದೆ. ಅಲ್ಲಿ ಚೆಂಡು ಹಿಡಿದವನ ಮಂಡಿ ತಾಗಿದರೆ ಎದುರಿನವರಿಗೆ ಎರಡು ಅಂಕ. ಸೋತೆವು.

ಮೈಕಿನವನು, ಹೋಗಿದ್ದು ಬಂದಿದ್ದು ಸೇರಿಸಿದರೆ ಇದು ಕ್ಲಬ್ಬಿನ ಅತಿ ಉದ್ದದ ಓಟ, ದಾಖಲೆ ಅಂತ ಘೋಷಿಸಿದ. ಎದುರು ತಂಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಮಗಳು ಬೇಲಿ ಹತ್ತಿರ ಓಡಿ ಬಂದಳು. ಹಿಂದೆ ಗೆಳತಿಯರು, ಇವರಲ್ಲಿ ನಿಮ್ಮ ಅಪ್ಪ ಯಾರು, ಯಾರು ಅಂತ ಜರ್ಮನ್‌ನಲ್ಲಿ ಕೇಳುತ್ತಿದ್ದರು. ನಾನು ಎಷ್ಟು ಬೇಡಿಕೊಂಡರೂ ನಾಲ್ಕು ಜನರ ಮುಂದೆ ಕನ್ನಡ ಆಡದ ಹುಡುಗಿ, ಅಚ್ಚ ಗದಗಿನ ಕನ್ನಡದಲ್ಲಿ, ತುಟಿ ಅಲುಗದ ಹಾಗೆ ಹೇಳಿದಳು:

"ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಹೆಲ್ಮೆಟ್ ಒಂದು ತೆಗೀಬ್ಯಾಡ."

ಗೆಳತಿಯರೆಲ್ಲ ನಾವು ಹತ್ತಿದ ಎಸ್-ಬಾನನ್ನೇ ಹತ್ತಿದರು. ನಾನು ಹೆಲ್ಮೆಟ್ ತೆಗೆದದ್ದು ಮನೆಯಲ್ಲಿ.