ಗಡ್ಡೆಯ ಕೋಶಗಳಿಗೆ ನಿವೃತ್ತಿ ಕೊಡಿಸುವ ಕುರಿತು

ಇಂದ:
ಪಿಂಚಣಿ ವಿಭಾಗದ ಮೇಲ್ವಿಚಾರಕಿ
(ರೋಗಿಯ ಸ್ವಂತ ತಂಗಿ)

ಗೆ:
ಶ್ರೀಮಾನ್ ಟೆಲೊಮರೇಸ್ ಎಂಬ ಕಿಣ್ವದವರಿಗೆ,
ಅಕ್ಕನ ಯಕೃತ್ತಿನ ಗಡ್ಡೆ, ಬಲಪಕ್ಕೆ

ವಿಷಯ: ತಾವು ಕೂಡಲೇ ಕೆಲಸ ನಿಲ್ಲಿಸುವ ಬಗ್ಗೆ.

ಉಲ್ಲೇಖ: ೧) ಕ್ಯಾನ್ಸರ್ ಡಾಕ್ಟರರ ಮೌಖಿಕ ಬೈಗುಳ, ನಿನ್ನೆ ಬೆಳಿಗ್ಗೆ. ೨) ಭಾವನವರ ಜಾಣತನ, ಮದುವೆಯಾದಂದಿನಿಂದ.

ಮಾನ್ಯರೇ (ರೂಢಿಗಾಗಿ ಮಾತ್ರ),

೧. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದರ ವರ್ಣತಂತುಗಳ ತುದಿ ಸವೆಯುತ್ತದೆ. ಪೂರ್ತಿ ಸವೆದ ಮೇಲೆ ಕೋಶ ಮರ್ಯಾದೆಯಿಂದ ನಿವೃತ್ತವಾಗತಕ್ಕದ್ದು. ಅರ್ಜಿದಾರಳು ಕಚೇರಿಯಲ್ಲಿ ಇಂಥ ನಿಯಮಗಳಿಗೆ ಹೆಸರಾದವಳು. ಸೇವಾವಧಿ ವಿಸ್ತರಣೆ ಕೇಳಿಕೊಂಡು ಬಂದ ಯಾರಿಗೂ ಕುರ್ಚಿ ತೋರಿಸಿದವಳಲ್ಲ.

೨. ಆದರೆ ತಾವು ಮೈಯ ಹೆಚ್ಚಿನ ಪ್ರಾಮಾಣಿಕ ಕೋಶಗಳಲ್ಲಿ ಗೊರಕೆ ಹೊಡೆಯುತ್ತ, ಗಡ್ಡೆಯೊಳಗೆ ಮಾತ್ರ ಎದ್ದು ಕೂತು ಸವೆದ ತುದಿಗಳಿಗೆ ತೇಪೆ ಹಾಕುತ್ತಿದ್ದೀರಿ. ಮನೆಗೆ ಹೋಗಬೇಕಾದ ಪುಂಡರೆಲ್ಲ ಸಾವಿಲ್ಲದವರಾಗಿ ಅಕ್ಕನನ್ನು ತಿಂದು ತೇಗುತ್ತಿದ್ದಾರೆ. ನಾಚಿಕೆಯಾಗಬೇಕು ತಮಗೆ.

೩. ಕಾರಣ, ತಮ್ಮನ್ನು ಸುಮ್ಮನಿರಿಸುವ ಹೊಸ ಔಷಧಿಯ ಪ್ರಯೋಗಕ್ಕೆ ಅಕ್ಕನನ್ನು ಸೇರಿಸಲಾಯಿತು. ಅದು ಫಲ ಕೊಡಲು ತುದಿಗಳು ಸವೆಯುವವರೆಗೆ ಕಾಯಬೇಕು. ಕಾಯುವುದು ಭಾವನವರ ಜಾಯಮಾನವಲ್ಲ. ಹೆಂಡತಿ ಸೊರಗಿದಳೆಂದು ಅವರು ಯಾವುದೋ ಯೌವನದ ಮಾತ್ರೆ ತರಿಸಿ, ಡಾಕ್ಟರರಿಗೂ ನನಗೂ ತಿಳಿಯದಂತೆ ದಿನಾ ನುಂಗಿಸಿದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದೆ: "ಟೆಲೊಮರೇಸನ್ನು ಬಡಿದೆಬ್ಬಿಸುತ್ತದೆ!"

೪. ಡಬ್ಬಿ ಕಂಡ ಡಾಕ್ಟರರು, "ನಾವಿಲ್ಲಿ ಅದನ್ನ ಮಲಗಿಸೋಕೆ ಒದ್ದಾಡ್ತಿದ್ರೆ ನೀವು ಪಕ್ಕದಲ್ಲಿ ಕೂತು ತಟ್ಟೆ ಬಡೀತಿದ್ದೀರಾ?" ಎಂದು ಆ ಹೊಸ ಔಷಧಿಯನ್ನೇ ನಿಲ್ಲಿಸಿದರು. ಮತ್ತೆ ಕೊಡುವುದು ಬಿಡುವುದು ಪ್ರಯೋಗದ ಸಮಿತಿಗೆ ಬಿಟ್ಟದ್ದಂತೆ.

"ಏನೋ ವಿಟಮಿನ್ ಹೆಸರು ಅನ್ಕೊಂಡೆ ಕಣಮ್ಮ," ಎಂದರು ಭಾವ.

ಅರ್ಜಿದಾರಳು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಅವರನ್ನ ಬೈಬೇಡ್ವೇ. ಡಬ್ಬಿ ನಾನೂ ಓದಿದ್ದೆ. ಅವರ ಮುಖ ನೋಡಿ ನುಂಗ್ಬಿಟ್ಟೆ," ಎಂದಳು.

ಅರ್ಜಿದಾರಳಿಗೆ ಅಳು ಬಂತು. ಇದನ್ನು ಕಡತಕ್ಕೆ ಸೇರಿಸಕೂಡದು.

ಆದ್ದರಿಂದ ತಾವು ಗಡ್ಡೆಯ ತೇಪೆ ಕೆಲಸ ಬಿಟ್ಟು ತೊಲಗಬೇಕೆಂದೂ, ಅಲ್ಲಿ ಪುಂಡರಿಗೆ ಮಂಜೂರು ಮಾಡಿದ ಅವಧಿಯನ್ನೆಲ್ಲ ಅಕ್ಕನ ಹೆಸರಿಗೆ ವರ್ಗಾಯಿಸಬೇಕೆಂದೂ ಕೋರಲಾಗಿದೆ. ವಿಸ್ತರಣೆ ಕೇಳುವುದು ಅರ್ಜಿದಾರಳಿಗೆ ಇದೇ ಮೊದಲು.

ತಮ್ಮಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲದ,
ರೋಗಿಯ ತಂಗಿ

ಲಗತ್ತುಗಳು:
೧) ಮಾತ್ರೆ ಡಬ್ಬಿ, ಅರ್ಧ ಖಾಲಿ.
೨) ಭಾವ. ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದಾರೆ. ನಿನ್ನೆಯಿಂದ ಊಟ ಮಾಡಿಲ್ಲ.

ವಿ.ಸೂ.: ಪರಿಶೀಲನೆ ಮುಗಿದೊಡನೆ ಎರಡನೆಯ ಲಗತ್ತನ್ನು ಒಳಗೆ ಕಳಿಸಿಕೊಡಬೇಕಾಗಿ ವಿನಂತಿ. ಅಕ್ಕ ಕೇಳುತ್ತಿದ್ದಾಳೆ.